ಮಗಳ ಒಂದು ದಿನವನ್ನು ಬರೆದು ನೋಡಿ

ಹಳ್ಳಿ ಹುಡುಗಿಯರ ಕಷ್ಟವೇ ಬೇರೆ, ಸಿಟಿ ಹುಡುಗಿಯರ ಕಷ್ಟವೇ ಬೇರೆ ಅನ್ನುವ ಮಾತನ್ನು ನೀವೂ ಕೇಳಿರುತ್ತೀರಿ. ಅದು ಅರ್ಧ ನಿಜ. ನಾನು ಎರಡೂ ಕಡೆ ಮಕ್ಕಳಿಗೆ ಪಾಠ ಹೇಳಿದ್ದೇನೆ. ಹಳ್ಳಿಯಲ್ಲಿ ಹುಡುಗಿ ನೀರು ಹೊತ್ತು, ತಮ್ಮನ ಮುಖ ತೊಳೆಸಿ, ಅಷ್ಟು ದೂರ ನಡೆದು ಕ್ಲಾಸಿನಲ್ಲಿ ಬಂದು ಕೂರುವ ಹೊತ್ತಿಗೆ ಅರ್ಧ ಜೀವ ಆಗಿರುತ್ತಾಳೆ. ಪಟ್ಟಣದಲ್ಲಿ ನಲ್ಲಿ ತಿರುಗಿಸಿದರೆ ನೀರು, ಬಾಗಿಲ ಹತ್ತಿರವೇ ಶಾಲೆಯ ಬಸ್ಸು. ಆದರೆ ಕತ್ತಲಾಗುವ ಮೊದಲೇ ಅವಳು ಮನೆ ಒಳಗಿರಬೇಕು, ಅಣ್ಣ ಮಾತ್ರ ಎಷ್ಟು ಹೊತ್ತಿಗೆ ಬಂದರೂ ನಡೆಯುತ್ತದೆ. ನೋಡೋಕೆ ಎರಡೂ ಬೇರೆ ಬೇರೆ. ಎರಡೂ ಕಡೆ ಅವಳ ಕೈಜಾರಿ ಹೋಗುವುದು ಮಾತ್ರ ಒಂದೇ, ಅವಳದೇ ಆದ ಹೊತ್ತು. ದಿನಕ್ಕೆ ಅರ್ಧ ಗಂಟೆ, ಒಂದು ಗಂಟೆ ಅಂತ ಸದ್ದಿಲ್ಲದೆ ಹೋಗುತ್ತದೆ. ಯಾರೋ ಕಿತ್ತುಕೊಂಡರು ಅಂತ ಅನ್ನಿಸುವುದೂ ಇಲ್ಲ.

ಇದನ್ನು ಬರೆಯುತ್ತಿರುವುದು ಅಪ್ಪ ಅಮ್ಮಂದಿರಿಗೆ, ಅಜ್ಜಿ ತಾತಂದಿರಿಗೆ, ಟೀಚರುಗಳಿಗೆ, ಅಕ್ಕಂದಿರಿಗೆ, ಮುಖ್ಯವಾಗಿ ಅಣ್ಣಂದಿರಿಗೆ. ಸರ್ಕಾರ ಏನು ಮಾಡಬೇಕು ಅನ್ನುವುದು ಇನ್ನೊಂದು ದಿನದ ಮಾತು. ಈ ವಾರ ನಿಮ್ಮ ಮನೆಯಲ್ಲಿ, ನಿಮ್ಮ ಕ್ಲಾಸಿನಲ್ಲಿ ಏನು ಮಾಡಬಹುದು ಅನ್ನುವುದನ್ನಷ್ಟೇ ಹೇಳುತ್ತೇನೆ.

ಮೊದಲು ಒಂದು ಹಾಳೆ, ಒಂದು ಪೆನ್ನು

ಒಂದು ಹಾಳೆ ತೆಗೆದುಕೊಂಡು ಮಧ್ಯೆ ಗೆರೆ ಎಳೆಯಿರಿ. ಒಂದು ಕಡೆ ಮಗಳ ಹೆಸರು, ಇನ್ನೊಂದು ಕಡೆ ಮಗನ ಹೆಸರು. ಮಗ ಇಲ್ಲದಿದ್ದರೆ ಅದೇ ವಯಸ್ಸಿನ ಪಕ್ಕದ ಮನೆ ಹುಡುಗನನ್ನು ಇಟ್ಟುಕೊಳ್ಳಿ. ಬೆಳಗ್ಗೆ ಏಳುವುದರಿಂದ ರಾತ್ರಿ ಮಲಗುವ ತನಕ ಯಾರು ಯಾವ ಗಂಟೆಯಲ್ಲಿ ಏನು ಮಾಡುತ್ತಾರೆ ಅಂತ ಬರೆಯಿರಿ. ಒಂದೇ ದಿನ ಬರೆದರೆ ಸಾಲದು, ಶಾಲೆ ಇರುವ ಎರಡು ದಿನ, ರಜೆಯ ಒಂದು ದಿನ ಬೇಕು. ರಜೆಯ ದಿನವೇ ನಿಜ ಹೊರಗೆ ಬರುವುದು.

ಬರೆಯುವಾಗ 'ಸುಮ್ನೆ ಸ್ವಲ್ಪ ಸಹಾಯ ಮಾಡಿದಳು' ಅನ್ನುವುದನ್ನು ಒಪ್ಪಿಕೊಳ್ಳಬೇಡಿ. ಎಷ್ಟು ನಿಮಿಷ? ಪಾತ್ರೆ ತೊಳೆದದ್ದು ಇಪ್ಪತ್ತು ನಿಮಿಷ, ಬಟ್ಟೆ ಮಡಚಿದ್ದು ಹದಿನೈದು, ಬಂದವರಿಗೆ ನೀರು ಕೊಟ್ಟು ಲೋಟ ಎತ್ತಿದ್ದು ಹತ್ತು, ತಮ್ಮನ ಹೋಂವರ್ಕ್ ಮಾಡಿಸಿದ್ದು ನಲವತ್ತು. ಬಿಡಿಬಿಡಿಯಾಗಿ ನೋಡಿದರೆ ಯಾವುದೂ ದೊಡ್ಡ ಕೆಲಸ ಅಲ್ಲ. ಕೂಡಿಸಿದಾಗ ಮಾತ್ರ ಎದೆ ಧಸಕ್ಕೆನ್ನುತ್ತದೆ. ನಾನು ಹೇಳಿದ್ದಕ್ಕೆ ಒಬ್ಬ ತಂದೆ ಹೀಗೆ ಬರೆದುಕೊಂಡು ಬಂದಿದ್ದರು. ಹಾಳೆಯನ್ನು ನನ್ನ ಕೈಗೆ ಕೊಟ್ಟು, 'ಟೀಚರೇ, ಇವಳು ಓದುವುದಿಲ್ಲ ಅಂತ ನಾನು ಬೈಯುತ್ತಿದ್ದೆ, ಇವಳು ಓದೋದು ಯಾವಾಗ?' ಅಂದರು. ಆ ಹಾಳೆಯಲ್ಲಿ ರಾತ್ರಿ ಹತ್ತರ ತನಕ ಒಂದೇ ಒಂದು ಖಾಲಿ ಸಾಲು ಇರಲಿಲ್ಲ.

ಇದು ಒಂದು ಮನೆಯ ಕಥೆ ಅಂದುಕೊಳ್ಳಬೇಡಿ. ಯುನಿಸೆಫ್ 2016ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ, 5ರಿಂದ 14 ವರ್ಷದ ಹುಡುಗಿಯರು ಅದೇ ವಯಸ್ಸಿನ ಹುಡುಗರಿಗಿಂತ ಮನೆಗೆಲಸಕ್ಕೆ, ನೀರು ಸೌದೆ ತರುವುದಕ್ಕೆ 40 ಶೇಕಡಾ ಜಾಸ್ತಿ ಹೊತ್ತು ಕೊಡುತ್ತಾರೆ. ಇಡೀ ಪ್ರಪಂಚದ ಹುಡುಗಿಯರದ್ದು ಒಟ್ಟು ಸೇರಿಸಿದರೆ ದಿನಕ್ಕೆ 16 ಕೋಟಿ ಗಂಟೆ ಹೆಚ್ಚು. ದಿನಕ್ಕೆ!

ಹಾಳೆ ತುಂಬಿದ ಮೇಲೆ ಮೂರು ಸಂಗತಿ ಹುಡುಕಿ. ಅವಳು ಎಷ್ಟು ಹೊತ್ತು ನಿದ್ದೆ ಮಾಡಿದಳು? 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ಬೇಕು, ಅದಕ್ಕಿಂತ ಚಿಕ್ಕವರಿಗೆ ಇನ್ನೂ ಜಾಸ್ತಿ. ಯಾರೂ ಕರೆಯದೆ ಒಂದೇ ಕಡೆ ಕೂತು ಓದಲು ಎಷ್ಟು ಹೊತ್ತು ಸಿಕ್ಕಿತು? ಸುಮ್ಮನೆ ಆಡಲು, ನಗಲು, ಏನೂ ಮಾಡದೆ ಕೂರಲು ಎಷ್ಟು ಸಿಕ್ಕಿತು? ಮೂರನೆಯದನ್ನು ಹೆಚ್ಚಿನವರು ಲೆಕ್ಕಕ್ಕೇ ಇಡುವುದಿಲ್ಲ. ನನ್ನ ಪ್ರಕಾರ ಅದೇ ಮುಖ್ಯ. ಏನೂ ಮಾಡದೆ ಕೂರಲು ಹೊತ್ತಿರುವ ಮಗುವೇ ತನಗೇನು ಬೇಕು ಅಂತ ಯೋಚಿಸುವುದು.

ಕೆಲಸ ಹಂಚುವಾಗ ಆಗುವ ಎಡವಟ್ಟು

ಹಾಳೆ ನೋಡಿದ ಮನೆಯವರು ಮಾಡುವ ಮೊದಲ ಕೆಲಸ, ಮಗನಿಗೆ 'ಅಕ್ಕನಿಗೆ ಸ್ವಲ್ಪ ಸಹಾಯ ಮಾಡು' ಅನ್ನುವುದು. ಇದರಿಂದ ಏನೂ ಬದಲಾಗುವುದಿಲ್ಲ. ಸಹಾಯ ಅಂದ ಕೂಡಲೇ ಕೆಲಸ ಅಕ್ಕನದೇ ಅಂತ ಆಗಿಬಿಡುತ್ತದೆ. ಅವನು ಮನಸ್ಸು ಬಂದಾಗ ಮಾಡುತ್ತಾನೆ, ಇಲ್ಲದಾಗ ಅವಳೇ ಮಾಡುತ್ತಾಳೆ, ಅವನಿಗೆ ನೆನಪಿಸುವ ಕೆಲಸ ಬೇರೆ ಅವಳ ತಲೆಗೆ ಬೀಳುತ್ತದೆ.

ಅದರ ಬದಲು ಒಂದು ಕೆಲಸವನ್ನು ಪೂರ್ತಿ ಅವನ ಹೆಸರಿಗೆ ಬರೆಯಿರಿ. ರಾತ್ರಿಯ ಪಾತ್ರೆ ಅವನದು ಅಂದರೆ ಅವನದೇ. ಸೋಪು ಮುಗಿದಿದೆ ಅಂತ ನೋಡುವುದೂ ಅವನೇ. ಮೊದಲ ವಾರ ಪಾತ್ರೆಯಲ್ಲಿ ಜಿಡ್ಡು ಉಳಿಯುತ್ತದೆ, ಉಳಿಯಲಿ. ಅಮ್ಮ ಎದ್ದು ಹೋಗಿ ಮತ್ತೆ ತೊಳೆದರೆ, ಅಥವಾ ಮಗಳಿಗೆ ಕಣ್ಸನ್ನೆ ಮಾಡಿದರೆ, ಎಲ್ಲ ಹಾಳು. ಇಲ್ಲಿ ಅಪ್ಪ ಏನು ಮಾಡುತ್ತಾರೆ ಅನ್ನುವುದನ್ನು ಹುಡುಗರು ಬಹಳ ಸೂಕ್ಷ್ಮವಾಗಿ ನೋಡುತ್ತಾರೆ. ಊಟ ಆದ ಮೇಲೆ ಅಪ್ಪ ತಮ್ಮ ತಟ್ಟೆ ತಾವೇ ಎತ್ತಿಕೊಂಡು ಹೋಗಿ ತೊಳೆದಿಟ್ಟರೆ ಹತ್ತು ಭಾಷಣದ ಕೆಲಸ ಅದೊಂದರಲ್ಲೇ ಆಗುತ್ತದೆ.

ನೀರು ದೂರದಿಂದ ತರುವ ಊರಾದರೆ ಇನ್ನೊಂದು ಮಾತು. ಶಾಲೆಗೆ ಹೋಗುವ ಮಗಳನ್ನು ಬೆಳಗಿನ ನೀರಿನಿಂದ ಬಿಡಿಸಿ. ಸಂಜೆ ತಂದು ತುಂಬಿಡುವುದೋ, ಗಾಡಿಯಲ್ಲಿ, ಸೈಕಲ್ಲಿನಲ್ಲಿ ಗಂಡಸರು ತರುವುದೋ, ನಿಮ್ಮ ಅನುಕೂಲ ನೋಡಿಕೊಳ್ಳಿ. ಬೆಳಗಿನ ನೀರಿಗೆ ಹೋದವಳು ಶಾಲೆಗೆ ತಡವಾಗಿ ಬರುತ್ತಾಳೆ. ತಡವಾಗಿ ಬಂದವಳು ದಿನಾ ಬೈಸಿಕೊಳ್ಳುತ್ತಾಳೆ. ದಿನಾ ಬೈಸಿಕೊಳ್ಳುವ ಜಾಗಕ್ಕೆ ಯಾರು ತಾನೇ ಖುಷಿಯಿಂದ ಬರುತ್ತಾರೆ ಹೇಳಿ? ಟೀಚರುಗಳೇ, ಇದು ನಮಗೂ ಹೇಳಿದ್ದು. ತಡವಾಗಿ ಬಂದ ಹುಡುಗಿಯನ್ನು ಬಾಗಿಲಲ್ಲಿ ನಿಲ್ಲಿಸುವ ಮೊದಲು ಅವಳ ಬೆಳಗು ಹೇಗಿತ್ತು ಅಂತ ಕೇಳಬೇಕು, ಎಲ್ಲರ ಮುಂದೆ ಅಲ್ಲ, ಪಕ್ಕಕ್ಕೆ ಕರೆದು.

ದಾರಿ

ಶಾಲೆ ಬಿಡುವ ಹುಡುಗಿಯರಲ್ಲಿ ಎಷ್ಟೋ ಜನಕ್ಕೆ ಓದು ಕಷ್ಟವೇ ಆಗಿರುವುದಿಲ್ಲ. ದಾರಿ ಕಷ್ಟ ಆಗಿರುತ್ತದೆ. ಊರಿನ ಪ್ರೈಮರಿ ಶಾಲೆ ಮುಗಿಯುತ್ತದೆ, ಮುಂದಿನದು ಇನ್ನೊಂದು ಊರಿನಲ್ಲಿ, ಮಧ್ಯೆ ಜನ ಇಲ್ಲದ ರಸ್ತೆ. ಹುಡುಗನಾದರೆ ಕಳಿಸುತ್ತಾರೆ, ಹುಡುಗಿಯಾದರೆ 'ಇಷ್ಟು ಸಾಕು' ಅನ್ನುತ್ತಾರೆ.

ಇದಕ್ಕೆ ಏನು ಕೆಲಸ ಮಾಡುತ್ತದೆ ಅಂತ ನೋಡಿ ತಿಳಿದಿರುವ ಉದಾಹರಣೆ ಇದೆ. ಬಿಹಾರದಲ್ಲಿ 2006ರಲ್ಲಿ ಹೈಸ್ಕೂಲಿಗೆ ಸೇರುವ ಹುಡುಗಿಯರಿಗೆ ಸೈಕಲ್ ಕೊಡಲು ಶುರು ಮಾಡಿದರು. ಆಮೇಲೆ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ ನೋಡಿದಾಗ ಹುಡುಗಿಯರು ಹೈಸ್ಕೂಲಿಗೆ ಸೇರುವುದು ಸುಮಾರು ಮೂರನೇ ಒಂದರಷ್ಟು ಹೆಚ್ಚಾಗಿತ್ತು. ಹೈಸ್ಕೂಲು ದೂರ ಇದ್ದ ಹಳ್ಳಿಗಳಲ್ಲೇ ಈ ಬದಲಾವಣೆ ಜಾಸ್ತಿ ಕಂಡಿತು. ದಾರಿಯಲ್ಲಿ ಕಳೆಯುವ ಹೊತ್ತು ಕಮ್ಮಿಯಾಯಿತು ಅನ್ನುವುದು ಒಂದು. ಒಟ್ಟಿಗೆ ಹತ್ತು ಹುಡುಗಿಯರು ಸೈಕಲ್ ತುಳಿದುಕೊಂಡು ಹೋಗುವುದನ್ನು ಊರು ನೋಡಿ ಒಗ್ಗಿಕೊಂಡಿತು ಅನ್ನುವುದು ಇನ್ನೊಂದು.

ನೀವು ಮಾಡಬಹುದಾದ್ದು ಇದೇ, ಗುಂಪು ಕಟ್ಟುವುದು. ಒಂದೇ ದಾರಿಯ ಮನೆಗಳವರು ಒಂದು ಸಂಜೆ ಕೂತು ಮಾತಾಡಿ. ಎಷ್ಟು ಗಂಟೆಗೆ ಹೊರಡುವುದು, ಎಲ್ಲಿ ಸೇರುವುದು, ಒಬ್ಬಳು ಬರದಿದ್ದರೆ ಯಾರಿಗೆ ಹೇಳುವುದು, ವಾಪಸ್ ಬರುವಾಗ ತಡವಾದರೆ ಯಾರು ಎದುರು ಹೋಗುವುದು. ಆಮೇಲೆ ಒಂದು ದಿನ ನೀವೇ ಅವರ ಜೊತೆ ಅದೇ ಹೊತ್ತಿಗೆ ಅದೇ ದಾರಿಯಲ್ಲಿ ನಡೆಯಿರಿ. ಎಲ್ಲಿ ಅವರ ಮಾತು ನಿಲ್ಲುತ್ತದೆ, ಎಲ್ಲಿ ನಡಿಗೆ ಜೋರಾಗುತ್ತದೆ ಅಂತ ಗಮನಿಸಿ. ಮಕ್ಕಳು ಬಾಯಿಬಿಟ್ಟು ಹೇಳದಿದ್ದರೂ ಕಾಲು ಹೇಳುತ್ತದೆ. ಆ ಜಾಗದಲ್ಲಿ ಒಂದು ದೀಪ ಬೇಕೋ, ದಾರಿ ಬದಲಿಸಬೇಕೋ, ಅಲ್ಲಿ ನಿಂತು ಕಿಚಾಯಿಸುವವರ ಮನೆಗೆ ಹೋಗಿ ಮಾತಾಡಬೇಕೋ ನೋಡಿ. ಅವಳನ್ನು ಮನೆಯಲ್ಲಿ ಕೂರಿಸುವುದು ಎಲ್ಲಕ್ಕಿಂತ ಸುಲಭ. ಆದರೆ ತಪ್ಪು ಮಾಡಿದವನು ರಸ್ತೆಯಲ್ಲಿ ಆರಾಮಾಗಿ ಇರುತ್ತಾನೆ, ಶಿಕ್ಷೆ ಇವಳಿಗೆ.

ಪಟ್ಟಣದಲ್ಲಿ ದಾರಿಯ ಕಷ್ಟ ಬೇರೆ ರೂಪದಲ್ಲಿ ಬರುತ್ತದೆ. ತುಂಬಿದ ಬಸ್ಸು, ಮೈಗೆ ಒತ್ತಿಕೊಂಡು ನಿಲ್ಲುವವರು, ಹಿಂದೆ ಹಿಂದೆ ಬರುವವರು. ಮಗಳಿಗೆ ಜೋರಾಗಿ ಮಾತಾಡುವುದನ್ನು ಅಭ್ಯಾಸ ಮಾಡಿಸಿ, ನಿಜವಾಗಿಯೂ ಅಭ್ಯಾಸ ಮಾಡಿಸಿ. ಮನೆಯಲ್ಲೇ ಒಂದು ರೂಮಿನಲ್ಲಿ ನಿಲ್ಲಿಸಿ, 'ದೂರ ನಿಲ್ಲಿ!' ಅಂತ ಹೊಟ್ಟೆಯಿಂದ ದನಿ ತೆಗೆದು ಕೂಗಲು ಹೇಳಿ. ಮೊದಲ ಸಲ ಎಲ್ಲ ಹುಡುಗಿಯರೂ ನಗುತ್ತಾರೆ, ಎರಡನೇ ಸಲ ಪಿಸುಗುಟ್ಟುತ್ತಾರೆ. ಐದಾರು ಸಲ ಆದ ಮೇಲೆ ದನಿ ಹೊರಗೆ ಬರುತ್ತದೆ. ಮೆಲ್ಲಗೆ ಮಾತಾಡು, ಮೆಲ್ಲಗೆ ನಡಿ ಅಂತ ಹುಟ್ಟಿದಾಗಿನಿಂದ ಕಲಿಸಿ, ಕಷ್ಟ ಬಂದಾಗ ಏಕ್ದಂ ಕೂಗು ಅಂದರೆ ಅವಳು ಎಲ್ಲಿಂದ ತರಬೇಕು?

ಇದೇ ಮಾತಿಗೆ ಸೇರಿದ್ದು ಆಟ. ವಿಶ್ವ ಆರೋಗ್ಯ ಸಂಸ್ಥೆ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬಳಸುವ ಚಟುವಟಿಕೆ ಬೇಕು ಅನ್ನುತ್ತದೆ. ಅದೇ ಸಂಸ್ಥೆ 2019ರಲ್ಲಿ ಹೊರತಂದ ಅಧ್ಯಯನದಲ್ಲಿ 11ರಿಂದ 17 ವರ್ಷದ ಹುಡುಗಿಯರಲ್ಲಿ 85 ಶೇಕಡಾ ಮಂದಿಗೆ ಅಷ್ಟು ಸಿಗುತ್ತಿರಲಿಲ್ಲ. ಹುಡುಗರದ್ದೂ ಚೆನ್ನಾಗೇನಿಲ್ಲ, 78 ಶೇಕಡಾ. ಆದರೂ ಮೈದಾನಕ್ಕೆ ಹೋಗಿ ನೋಡಿ, ಎಷ್ಟು ಹುಡುಗಿಯರಿದ್ದಾರೆ ಅಂತ ಎಣಿಸಿ. ವಾರಕ್ಕೆ ಎರಡು ಸಂಜೆ ಒಂದು ಗಂಟೆ ಮೈದಾನ ಹುಡುಗಿಯರದ್ದು ಅಂತ ಬಡಾವಣೆಯವರೇ ಗೊತ್ತು ಮಾಡಿದರೆ ಯಾರಿಗೂ ಖರ್ಚಿಲ್ಲ. ಒಬ್ಬಿಬ್ಬರು ಅಮ್ಮಂದಿರು ಅಲ್ಲೇ ನಡೆದಾಡಿಕೊಂಡಿದ್ದರೆ ಆಯಿತು.

ನೀರಿನ ಬಾಟಲಿಯನ್ನು ನೋಡಿ

ಶಾಲೆಯಿಂದ ಬಂದ ಮಗಳ ಬಾಟಲಿಯಲ್ಲಿ ಬೆಳಗ್ಗೆ ತುಂಬಿಸಿದ ನೀರು ಹಾಗೇ ಇದೆಯಾ? ಹಾಗಿದ್ದರೆ ಬೈಯಬೇಡಿ, ಶಾಲೆಯ ಟಾಯ್ಲೆಟ್ ಹೇಗಿದೆ ಅಂತ ಕೇಳಿ.

ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಹುಡುಗಿಯರ ಟಾಯ್ಲೆಟ್ಟಿಗೆ ಒಳಗಿನಿಂದ ಚಿಲಕ ಇರಲಿಲ್ಲ. ಚಿಲಕದ ಜಾಗದಲ್ಲಿ ಎರಡು ತೂತು ಮಾತ್ರ ಇತ್ತು. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದುಕೊಂಡು ನಿಲ್ಲಬೇಕು. ಗೆಳತಿ ಬರದ ದಿನ ಹುಡುಗಿ ನೀರೇ ಕುಡಿಯುತ್ತಿರಲಿಲ್ಲ, ಕುಡಿದರೆ ಹೋಗಬೇಕಾಗುತ್ತಲ್ಲ. ಮಧ್ಯಾಹ್ನದ ಹೊತ್ತಿಗೆ ತಲೆನೋವು, ಉರಿಮೂತ್ರ. ನಾನು ಆ ಶಾಲೆಗೆ ಸೇರಿ ಎಷ್ಟೋ ತಿಂಗಳಾಗಿತ್ತು, ನನಗೆ ಗೊತ್ತೇ ಇರಲಿಲ್ಲ. ಸ್ಟಾಫಿನ ಟಾಯ್ಲೆಟ್ ಬೇರೆ ಇತ್ತು. ಆ ಎರಡು ತೂತು ನೆನಪಾದರೆ ಈಗಲೂ ನನಗೆ ಬೇಜಾರಾಗುತ್ತದೆ. ಕೊನೆಗೆ ಒಂದು ಚಿಲಕ, ನಾಲ್ಕು ಸ್ಕ್ರೂ, ಹದಿನೈದು ನಿಮಿಷದ ಕೆಲಸ.

ಹಾಗಾಗಿ ಪೋಷಕರ ಮೀಟಿಂಗಿಗೆ ಹೋದಾಗ ಮಾರ್ಕ್ಸ್ ಕೇಳುವ ಮೊದಲು ಟಾಯ್ಲೆಟ್ಟಿಗೆ ಹೋಗಿ ಬನ್ನಿ. ಚಿಲಕ, ನೀರು, ಸೋಪು, ಮುಚ್ಚಳ ಇರುವ ಕಸದ ಬುಟ್ಟಿ, ಈ ನಾಲ್ಕು ನೋಡಿ. ಇಲ್ಲದ್ದನ್ನು ಬರೆದು ಕೊಡಿ, ಬಾಯಲ್ಲಿ ಹೇಳಿದ್ದು ಮರೆತು ಹೋಗುತ್ತದೆ.

ಇನ್ನು ಮುಟ್ಟಿನ ವಿಚಾರ. ಇದನ್ನು ಆದ ಮೇಲೆ ಹೇಳುವುದಲ್ಲ, ಆಗುವ ಮೊದಲು ಹೇಳಬೇಕು. ಎಂಟೊಂಬತ್ತು ವರ್ಷಕ್ಕೇ ಶುರು ಮಾಡಿ. ಸಾಮಾನ್ಯವಾಗಿ 10ರಿಂದ 15 ವರ್ಷದ ಒಳಗೆ ಶುರುವಾಗುತ್ತದೆ, ಕೆಲವರಿಗೆ ಸ್ವಲ್ಪ ಮೊದಲೂ ಆಗಬಹುದು. ಏನೂ ಗೊತ್ತಿಲ್ಲದ ಮಗು ಒಂದು ದಿನ ರಕ್ತ ನೋಡಿದರೆ ತನಗೇನೋ ದೊಡ್ಡ ಕಾಯಿಲೆ ಬಂದಿದೆ, ತಾನು ಸಾಯುತ್ತೇನೆ ಅಂತ ನಂಬಿಬಿಡುತ್ತದೆ. ನನಗೂ ಹಾಗೇ ಆಗಿತ್ತು. ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಎಷ್ಟು ಹೊತ್ತು ಕೂತಿದ್ದೆನೋ.

ಹೇಳುವುದು ಹೇಗೆ? ಕಷ್ಟ ಏನಿಲ್ಲ. ಒಂದು ಪ್ಯಾಡ್ ಅಥವಾ ಬಟ್ಟೆ ಕೈಯಲ್ಲಿ ಕೊಟ್ಟು, ಒಂದು ಚಡ್ಡಿಗೆ ಇಟ್ಟು ತೋರಿಸಿ. ಒಂದಿಷ್ಟು ನೀರು ಸುರಿದು ಹೇಗೆ ಹೀರುತ್ತದೆ ಅಂತ ನೋಡಲಿ. ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಬೇಕು ಅಂತ ಹೇಳಿ. ಬಟ್ಟೆ ಬಳಸುವವರು ತಣ್ಣೀರಲ್ಲಿ ಸೋಪು ಹಾಕಿ ತೊಳೆದು ಬಿಸಿಲಲ್ಲೇ ಒಣಗಿಸಬೇಕು. ನಾಚಿಕೆಗೆ ಬೇರೆ ಬಟ್ಟೆಯ ಕೆಳಗೆ, ಕತ್ತಲೆ ಮೂಲೆಯಲ್ಲಿ ಒಣಗಿಸಿದರೆ ಅದು ಸರಿಯಾಗಿ ಒಣಗುವುದೇ ಇಲ್ಲ, ತುರಿಕೆ, ಸೋಂಕು ಬರುತ್ತದೆ. ಶಾಲೆಯ ಚೀಲದಲ್ಲಿ ಒಂದು ಚಿಕ್ಕ ಪೌಚ್ ಇರಲಿ, ಎರಡು ಪ್ಯಾಡು, ಒಂದು ಚಡ್ಡಿ, ಹಳೇ ಪೇಪರ್, ಒಂದು ಕವರ್. ಮೊದಲ ಎರಡು ವರ್ಷ ತಿಂಗಳಿಗೆ ಸರಿಯಾಗಿ ಆಗದೇ ಇರಬಹುದು, ಗಾಬರಿ ಬೇಡ. ಆದರೆ ಗಂಟೆ ಎರಡು ಗಂಟೆಗೊಂದು ಪ್ಯಾಡ್ ಪೂರ್ತಿ ನೆನೆಯುತ್ತಿದ್ದರೆ, ಏಳು ದಿನ ದಾಟಿದರೆ, ನೋವಿಗೆ ಶಾಲೆ ತಪ್ಪುತ್ತಿದ್ದರೆ ಡಾಕ್ಟರಿಗೆ ತೋರಿಸಿ. ಹೆಣ್ಣಾದ ಮೇಲೆ ಇದೆಲ್ಲ ಸಹಿಸಬೇಕು ಅನ್ನಬೇಡಿ.

ಮನೆಯಲ್ಲಿ ಅಮ್ಮ ಇಲ್ಲದಿದ್ದರೆ ಅಪ್ಪನೇ ಹೇಳಬಹುದು. ಹಾಗೆ ಹೇಳಿದ ಅಪ್ಪಂದಿರನ್ನು ಕಂಡಿದ್ದೇನೆ. ಮಗನೂ ಪಕ್ಕದಲ್ಲೇ ಕೂತು ಕೇಳಲಿ. ಕ್ಲಾಸಿನಲ್ಲಿ ಹುಡುಗಿಯ ಬಟ್ಟೆಗೆ ಕಲೆಯಾದಾಗ ನಗುವ ಹುಡುಗರು ಏನೂ ಗೊತ್ತಿಲ್ಲದ ಹುಡುಗರು. ಗೊತ್ತಿರುವವನು ತನ್ನ ಸ್ವೆಟರ್ ಬಿಚ್ಚಿ ಕೊಟ್ಟಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಏನೂ ಮಾತಾಡದೆ ಕೊಟ್ಟು ಹೋಗಿ ತನ್ನ ಜಾಗದಲ್ಲಿ ಕೂತ.

ರಕ್ತಹೀನತೆಯ ಬಗ್ಗೆ ಎರಡೇ ಮಾತು. ಸದಾ ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು, ಓದಲು ಕೂತರೆ ತೂಕಡಿಕೆ ಇದ್ದರೆ ಸೋಮಾರಿ ಅಂತ ಹೆಸರಿಡುವ ಮೊದಲು ರಕ್ತ ಪರೀಕ್ಷೆ ಮಾಡಿಸಿ. 12 ವರ್ಷ ದಾಟಿದ ಹುಡುಗಿಗೆ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಮ್ಮಿ ಇದ್ದರೆ ಅದು ರಕ್ತಹೀನತೆ. ಮನೆಯಲ್ಲಿ ಕೊನೆಗೆ ಉಳಿದದ್ದನ್ನು ಉಣ್ಣುವವರು ಯಾರು ಅಂತಲೂ ಒಮ್ಮೆ ನೋಡಿ. ಇನ್ನೊಂದು, ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಗೆ ಸರಿಯಾದ ವಯಸ್ಸು 9ರಿಂದ 14. ಆ ವಯಸ್ಸಿನಲ್ಲಿರುವಾಗಲೇ ಡಾಕ್ಟರನ್ನು ಕೇಳಿ.

ಫೋನ್ ಕಿತ್ತುಕೊಳ್ಳುವ ಮೊದಲು

ಇದು ಪಟ್ಟಣದ್ದಷ್ಟೇ ತೊಂದರೆ ಅಂತ ಹಿಂದೆ ಅಂದುಕೊಂಡಿದ್ದೆವು. ಈಗ ಹಾಗೇನೂ ಇಲ್ಲ. ಹಳ್ಳಿಯಲ್ಲಿ ಎಷ್ಟೋ ಹುಡುಗಿಯರಿಗೆ ಸ್ವಂತ ಫೋನ್ ಇಲ್ಲ, ಅಣ್ಣನ ಫೋನನ್ನು ಅವನ ಕಣ್ಣೆದುರೇ ಬಳಸಬೇಕು. ಪಟ್ಟಣದಲ್ಲಿ ಕೈಯಲ್ಲಿ ಫೋನ್ ಇದೆ, ಅದರೊಳಗೆ ಏನಾಗುತ್ತಿದೆ ಅಂತ ಮನೆಯವರಿಗೆ ಗೊತ್ತಿಲ್ಲ. ಎರಡು ಕಡೆಯ ಹುಡುಗಿಯರೂ ತೊಂದರೆಯಾದಾಗ ಬಾಯಿ ಬಿಡುವುದಿಲ್ಲ. ಕಾರಣ ಒಂದೇ. ಹೇಳಿದರೆ ಫೋನ್ ಕಿತ್ತುಕೊಳ್ಳುತ್ತಾರೆ, ಆಮೇಲೆ ಶಾಲೆಯನ್ನೂ ಬಿಡಿಸುತ್ತಾರೆ ಅನ್ನುವ ಭಯ.

ಆದ್ದರಿಂದ ಮೊದಲು ಒಂದು ಮಾತು ಕೊಡಿ. 'ಫೋನಿನಲ್ಲಿ ಏನೇ ಆಗಲಿ, ನೀನೇ ತಪ್ಪು ಮಾಡಿದ್ದರೂ ಸರಿ, ನನಗೆ ಬಂದು ಹೇಳಿದರೆ ನಾನು ಫೋನ್ ಕಿತ್ತುಕೊಳ್ಳುವುದಿಲ್ಲ, ಶಾಲೆ ಬಿಡಿಸುವುದಿಲ್ಲ.' ಇದನ್ನು ಏನೂ ಆಗದೇ ಇರುವಾಗಲೇ, ನೆಮ್ಮದಿಯ ಹೊತ್ತಿನಲ್ಲಿ ಹೇಳಿ. ಕೊಟ್ಟ ಮೇಲೆ ಉಳಿಸಿಕೊಳ್ಳಿ.

ಯಾರಾದರೂ ಅವಳ ಫೋಟೋ ಇಟ್ಟುಕೊಂಡು ಬೆದರಿಸುತ್ತಿದ್ದರೆ ಮಾಡಬೇಕಾದ್ದು ಹೀಗೆ. ದುಡ್ಡು ಕೊಡಬೇಡಿ, ಇನ್ನೊಂದು ಫೋಟೋ ಕಳಿಸಬೇಡಿ. ಒಮ್ಮೆ ಕೊಟ್ಟರೆ ಮತ್ತೆ ಕೇಳುತ್ತಾರೆ. ಬೆದರಿಕೆಯ ಮೆಸೇಜು, ಅವರ ಪ್ರೊಫೈಲಿನ ಹೆಸರು, ನಂಬರು, ತಾರೀಖು ಎಲ್ಲ ಸ್ಕ್ರೀನ್‌ಶಾಟ್ ತೆಗೆದಿಡಿ. ಸಿಟ್ಟಿಗೆ ಡಿಲೀಟ್ ಮಾಡಬೇಡಿ, ಸಾಕ್ಷಿ ಅದೇ. ಆಮೇಲೆ ಬ್ಲಾಕ್ ಮಾಡಿ, ಆ್ಯಪಿನಲ್ಲಿ ರಿಪೋರ್ಟ್ ಮಾಡಿ, ಪೊಲೀಸರಿಗೆ ದೂರು ಕೊಡಿ. ಫೋಟೋವನ್ನು ಮಾತ್ರ ತೋರಿಸಲಿಕ್ಕೆ ಅಂತ ನೆಂಟರಿಗೆ, ಗೆಳೆಯರಿಗೆ ಯಾರಿಗೂ ಫಾರ್ವರ್ಡ್ ಮಾಡಬಾರದು. 18 ವರ್ಷದ ಒಳಗೆ ತೆಗೆದ ನಗ್ನ ಫೋಟೋ ಅಥವಾ ವಿಡಿಯೋ ಆಗಿದ್ದರೆ 'ಟೇಕ್ ಇಟ್ ಡೌನ್' ಅನ್ನುವ ಉಚಿತ ಸೇವೆ ಇದೆ. ಫೋಟೋ ನಿಮ್ಮ ಫೋನಿನಿಂದ ಆಚೆ ಹೋಗುವುದಿಲ್ಲ. ಬೆರಳಚ್ಚಿನ ಹಾಗೆ ಅದರದೊಂದು ಡಿಜಿಟಲ್ ಗುರುತನ್ನಷ್ಟೇ ಅದು ತೆಗೆದುಕೊಳ್ಳುತ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಥರದ, ಈ ಸೇವೆಗೆ ಸೇರಿರುವ ತಾಣಗಳು ಆ ಗುರುತನ್ನು ನೋಡಿ ಫೋಟೋವನ್ನು ತೆಗೆದುಹಾಕಬಹುದು. ಹೆಸರು ಹೇಳಬೇಕಾಗಿಲ್ಲ, ಹುಡುಗಿಯೇ ಮಾಡಬಹುದು.

ಆ ರಾತ್ರಿ ಅವಳನ್ನು ಒಬ್ಬಳೇ ಮಲಗಲು ಬಿಡಬೇಡಿ. ಪಕ್ಕದಲ್ಲಿರಿ. 'ಯಾಕೆ ಕಳಿಸಿದೆ' ಅನ್ನುವ ಪ್ರಶ್ನೆ ಆ ದಿನ ಬೇಡ.

'ಒಳ್ಳೆ ಸಂಬಂಧ ಬಂದಿದೆ' ಅಂದಾಗ

ವರ್ಷಕ್ಕೆ ಸುಮಾರು 1 ಕೋಟಿ 20 ಲಕ್ಷ ಹುಡುಗಿಯರಿಗೆ 18 ತುಂಬುವ ಮೊದಲೇ ಮದುವೆಯಾಗುತ್ತದೆ ಅನ್ನುತ್ತದೆ ಯುನಿಸೆಫ್. ಇದು ದಿಢೀರಂತ ಆಗುವುದಿಲ್ಲ, ಮೊದಲೇ ಸೂಚನೆ ಕಾಣುತ್ತದೆ. ಹುಡುಗಿ ವಾರಕ್ಕೊಂದು ದಿನ ರಜೆ ಹಾಕುತ್ತಾಳೆ. ಮುಂದಿನ ವರ್ಷದ ಮಾತು ಬಂದರೆ ಸುಮ್ಮನಾಗುತ್ತಾಳೆ. ಮನೆಗೆ ನೋಡಲು ಜನ ಬಂದಿದ್ದರು ಅಂತ ಗೆಳತಿಯರು ಪಿಸುಗುಡುತ್ತಾರೆ. ಪರೀಕ್ಷೆ ಮುಗಿದ ಮೇಲಿನ ರಜೆ ಎಲ್ಲಕ್ಕಿಂತ ಅಪಾಯದ ಹೊತ್ತು, ಶಾಲೆಯವರ ಕಣ್ಣು ಆಗ ಅವಳ ಮೇಲೆ ಇರುವುದಿಲ್ಲ.

ನೀವು ಟೀಚರೋ ಪಕ್ಕದ ಮನೆಯವರೋ ಆಗಿದ್ದರೆ ಮೊದಲು ಅವಳ ಹತ್ತಿರ ಒಬ್ಬಳೇ ಇರುವಾಗ ಮಾತಾಡಿ. ಆಮೇಲೆ ಮನೆಯವರ ಹತ್ತಿರ ಹೋಗಿ. ಮೊದಲೇ ಕಾನೂನು ತೆಗೆದು ಹೆದರಿಸಿದರೆ ಗುಟ್ಟಾಗಿ, ಬೇಗ ಮುಗಿಸುತ್ತಾರೆ. ಅವರ ಭಯ ಏನು ಅಂತ ಕೇಳಿ. ದುಡ್ಡಿನದಾ, ದಾರಿಯದಾ, ಅವಳು ಯಾರನ್ನೋ ಇಷ್ಟಪಟ್ಟಾಳು ಅನ್ನುವುದಾ? ದುಡ್ಡಿನದಾದರೆ ಹಾಸ್ಟೆಲು, ಸ್ಕಾಲರ್‌ಶಿಪ್ಪಿನ ಅರ್ಜಿ ಹಿಡಿದುಕೊಂಡೇ ಹೋಗಿ, ಅಲ್ಲೇ ಕೂತು ತುಂಬಿಸಿ. ಚಿಕ್ಕ ವಯಸ್ಸಿನ ಬಸಿರು ಎಷ್ಟು ಅಪಾಯ ಅಂತ ಹೇಳಿ. 15ರಿಂದ 19 ವರ್ಷದ ಹುಡುಗಿಯರ ಸಾವಿಗೆ ಬಸಿರು ಬಾಣಂತನದ ತೊಂದರೆಗಳು ಪ್ರಪಂಚದಲ್ಲೇ ಮುಖ್ಯ ಕಾರಣಗಳಲ್ಲಿ ಒಂದು. ಈ ಮಾತನ್ನು ಅಜ್ಜಿಯರು ಬೇಗ ಒಪ್ಪುತ್ತಾರೆ, ಅವರು ಕಣ್ಣಾರೆ ಕಂಡಿರುತ್ತಾರೆ. ಅಜ್ಜಿ ನಿಮ್ಮ ಕಡೆ ಬಂದರೆ ಅರ್ಧ ಗೆದ್ದ ಹಾಗೆ.

ಇಷ್ಟಾದರೂ ತಾರೀಖು ನಿಶ್ಚಯ ಮಾಡಿದರೆ ಕಾಯಬೇಡಿ, ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿ. ಭಾರತದಲ್ಲಿ ಆ ನಂಬರ್ 1098. ಬೇರೆ ದೇಶಗಳಲ್ಲೂ ಇಂಥ ಸಹಾಯವಾಣಿಗಳಿವೆ, ನೀವಿರುವ ಕಡೆಯದನ್ನು ಇವತ್ತೇ ಹುಡುಕಿ ಬರೆದಿಡಿ. ಮಗಳಿಗೂ ಬಾಯಿಪಾಠ ಮಾಡಿಸಿ, ಫೋನಿನಲ್ಲಿ ಸೇವ್ ಮಾಡಿದರೆ ಸಾಲದು. ಬೇಕಾದ ದಿನ ಅವಳ ಕೈಯಲ್ಲಿ ಫೋನೇ ಇಲ್ಲದಿರಬಹುದು.

ಅವಳು ಬಂದು ಹೇಳಿದ ದಿನ

ಇದು ಬರೆಯಲು ಕಷ್ಟವಾದ ಭಾಗ. ಆದರೂ ಬಿಡಲು ಆಗುವುದಿಲ್ಲ.

ಮಕ್ಕಳ ಮೈಮೇಲೆ ಕೈ ಹಾಕುವವರು ಹೆಚ್ಚಿನ ಸಲ ಪರಿಚಯದವರೇ. ಹಳ್ಳಿಯಲ್ಲೂ ಅಷ್ಟೇ, ಪಟ್ಟಣದಲ್ಲೂ ಅಷ್ಟೇ. ಹಾಗಾಗಿ ಅಪರಿಚಿತರ ಹತ್ತಿರ ಹೋಗಬೇಡ ಅಂತ ಹೇಳಿಕೊಟ್ಟರೆ ಸಾಲದು. ಮನೆಗೆ ಬಂದವರು ಎಷ್ಟೇ ಬೇಕಾದವರಾಗಿರಲಿ, ಅವರ ತೊಡೆಯ ಮೇಲೆ ಕೂರಲು, ಮುತ್ತು ಕೊಡಲು ಇಷ್ಟ ಇಲ್ಲ ಅಂದರೆ ಬಲವಂತ ಮಾಡಬೇಡಿ. ಅವಳ 'ಬೇಡ'ಕ್ಕೆ ಮನೆಯಲ್ಲೇ ಬೆಲೆ ಇಲ್ಲದಿದ್ದರೆ ಹೊರಗೆ ಅವಳು ಅದನ್ನು ಹೇಳುವುದೇ ಇಲ್ಲ.

ಮಗಳ ಕೈ ಹಿಡಿದು ಐದು ಬೆರಳಿಗೆ ಐದು ಜನರ ಹೆಸರು ಹೇಳಿಸಿ, ಏನಾದರೂ ಆದರೆ ಯಾರ ಹತ್ತಿರ ಹೇಳುತ್ತೀ ಅಂತ. ಹೆಸರು ಅವಳೇ ಆರಿಸಲಿ. ನಿಮ್ಮ ಹೆಸರು ಮೊದಲ ಬೆರಳಿಗೆ ಬರದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ, ಯಾಕೆ ಅಂತ ಯೋಚಿಸಿ. ಒಬ್ಬರಿಗೆ ಹೇಳಿ ಅವರು ನಂಬದಿದ್ದರೆ ಮುಂದಿನ ಬೆರಳಿಗೆ ಹೋಗಬೇಕು, ನಂಬುವವರು ಸಿಗುವ ತನಕ ಹೇಳುತ್ತಲೇ ಇರಬೇಕು ಅಂತ ಕಲಿಸಿ.

ಒಂದು ದಿನ ಅವಳು ನಿಮ್ಮ ಹತ್ತಿರವೇ ಬಂದರೆ, ಕೈಯಲ್ಲಿದ್ದ ಕೆಲಸ ಬಿಟ್ಟು ಕೂತುಕೊಳ್ಳಿ. ಅವಳಿಗಿಂತ ಎತ್ತರದಲ್ಲಿ ನಿಲ್ಲಬೇಡಿ. ಮಧ್ಯೆ ಬಾಯಿ ಹಾಕಬೇಡಿ. ಎಲ್ಲಿ, ಯಾವಾಗ, ನೀನ್ಯಾಕೆ ಅಲ್ಲಿಗೆ ಹೋದೆ, ಆವಾಗಲೇ ಯಾಕೆ ಹೇಳಲಿಲ್ಲ ಅಂತ ಸಾಲಾಗಿ ಕೇಳಬೇಡಿ. ಹೇಳಬೇಕಾದ್ದು ಮೂರೇ ಮಾತು: 'ನಾನು ನಂಬುತ್ತೇನೆ. ತಪ್ಪು ನಿನ್ನದಲ್ಲ. ಹೇಳಿದ್ದು ಒಳ್ಳೇದಾಯಿತು.' ಯಾರಿಗೂ ಹೇಳುವುದಿಲ್ಲ ಅಂತ ಮಾತು ಕೊಡಬೇಡಿ, ಅದನ್ನು ಉಳಿಸಿಕೊಳ್ಳಲು ಆಗುವುದಿಲ್ಲ. 'ನಿನ್ನನ್ನು ಕಾಪಾಡಲು ಯಾರಿಗೆ ಹೇಳಬೇಕೋ ಅವರಿಗೆ ಮಾತ್ರ ಹೇಳುತ್ತೇನೆ' ಅನ್ನಿ. ಸಿಟ್ಟಿನಿಂದ ಆ ಮನುಷ್ಯನ ಮನೆಗೆ ನುಗ್ಗುವುದು ಆಮೇಲೆ, ಈಗ ಅವಳನ್ನು ಬಿಟ್ಟು ಹೋಗಬೇಡಿ.

ಆಗಿ ಹೆಚ್ಚು ಹೊತ್ತಾಗಿಲ್ಲದಿದ್ದರೆ ಸ್ನಾನ ಮಾಡಿಸಬೇಡಿ, ಬಟ್ಟೆ ತೊಳೆಯಬೇಡಿ. ಬಿಚ್ಚಿದ ಬಟ್ಟೆಯನ್ನು ಪೇಪರಿನ ಕವರಿನಲ್ಲಿ ಹಾಕಿ ತೆಗೆದುಕೊಂಡು ನೇರವಾಗಿ ಆಸ್ಪತ್ರೆಗೆ ಹೋಗಿ. ಎಚ್‌ಐವಿ ತಡೆಯುವ ಔಷಧಿಯನ್ನು 72 ಗಂಟೆಯ ಒಳಗೆ ಶುರು ಮಾಡಬೇಕು, ಗರ್ಭ ನಿಲ್ಲದಂತೆ ತಡೆಯುವ ಮಾತ್ರೆಯನ್ನು ಐದು ದಿನದ ಒಳಗೆ ಕೊಡಬೇಕು. ಎರಡೂ ಎಷ್ಟು ಬೇಗ ಆದರೆ ಅಷ್ಟು ಒಳ್ಳೇದು. ಎಷ್ಟೋ ದಿನಗಳ ಹಿಂದೆ ಆಗಿದ್ದರೂ ಆಸ್ಪತ್ರೆಗೆ, ಪೊಲೀಸರಿಗೆ ಹೋಗಲು ತಡವಾಯಿತು ಅಂತೇನಿಲ್ಲ.

ಆಸ್ಪತ್ರೆಗೆ ಹೋಗುವಾಗ ಅವಳಿಗೆ ಬೇಕಾದವರೊಬ್ಬರನ್ನು ಕರೆದುಕೊಳ್ಳಿ. ಯಾರು ಜೊತೆಗೆ ಬರಲಿ ಅಂತ ಅವಳನ್ನೇ ಕೇಳಿ. ಒಳಗೆ ಡಾಕ್ಟರು ಏನು ಮಾಡುತ್ತಾರೆ ಅಂತ ಮೊದಲೇ ಹೇಳಿ, ಬೇಡ ಅನ್ನಿಸಿದಾಗ ಕೈ ಎತ್ತಿದರೆ ನಿಲ್ಲಿಸುತ್ತಾರೆ ಅನ್ನುವುದನ್ನು ಡಾಕ್ಟರ ಹತ್ತಿರ ಮಾತಾಡಿ ಖಚಿತ ಮಾಡಿಕೊಂಡು ಆಮೇಲೆ ಅವಳಿಗೆ ತಿಳಿಸಿ. ಚೀಲದಲ್ಲಿ ಬದಲಿ ಬಟ್ಟೆ, ನೀರು, ಅವಳಿಗೆ ಇಷ್ಟದ ಒಂದು ಹೊದಿಕೆ ಇಟ್ಟುಕೊಳ್ಳಿ. ಕಾಯುವ ಹೊತ್ತು ಉದ್ದ ಇರುತ್ತದೆ.